ಹೆಸರಿಲ್ಲದ ಮಾತ್ರೆ

ಬೆನ್ನಿನಿಂದ ನೀರು ತೆಗೆದು ಮಾಡಿಸಿದ ಪರೀಕ್ಷೆಯ ವರದಿ ಅರ್ಧ ಪುಟ ಮೀರುವುದಿಲ್ಲ. ಹೀಗೊಂದು ವರದಿ ಬಂದಿದೆ ಎಂದುಕೊಳ್ಳೋಣ. ದ್ರವ ತುಸು ಮಸುಕಾಗಿದೆ. ಒಂದು ಘನ ಮಿಲಿಮೀಟರಿನಲ್ಲಿ 400 ಬಿಳಿ ರಕ್ತಕಣಗಳಿವೆ, ಅವುಗಳಲ್ಲಿ ಮುಕ್ಕಾಲು ಪಾಲು ನ್ಯೂಟ್ರೋಫಿಲ್. ಪ್ರೋಟೀನು ಡೆಸಿಲೀಟರಿಗೆ 110 ಮಿಲಿಗ್ರಾಂ, ಗ್ಲೂಕೋಸ್ 62. ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯ ಕಂಡಿಲ್ಲ. ಕಲ್ಚರ್ ಫಲಿತಾಂಶ ಬರಲು ಎರಡು ಮೂರು ದಿನ ಬೇಕು.

ಆರೋಗ್ಯವಂತರ ಮಿದುಳುದ್ರವದಲ್ಲಿ, ಎಂದರೆ ಬೆನ್ನಿನಿಂದ ತೆಗೆಯುವ ಈ ನೀರಿನಲ್ಲಿ, ಬಿಳಿ ಕಣಗಳು ಐದನ್ನು ದಾಟುವುದಿಲ್ಲ, ಪ್ರೋಟೀನು ಸಾಮಾನ್ಯವಾಗಿ 15ರಿಂದ 45ರೊಳಗೆ ಇರುತ್ತದೆ. ಹಾಗಾಗಿ ಈ ವರದಿ ಕೈಗೆ ಬಂದ ವೈದ್ಯರ ಬಾಯಲ್ಲಿ ಮೊದಲು ಬರುವ ಮಾತು ಮೆನಿಂಜೈಟಿಸ್, ಅದರಲ್ಲೂ ಬ್ಯಾಕ್ಟೀರಿಯದ ಮೆನಿಂಜೈಟಿಸ್. ರೋಗಿಗೆ ಜ್ವರವಿದೆ, ತಲೆ ಸಿಡಿಯುತ್ತಿದೆ, ಕತ್ತು ಬಗ್ಗುತ್ತಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತಿದೆ. ಎಲ್ಲವೂ ಹೊಂದುತ್ತದೆ. ಹೊಂದದಿರುವುದು ಒಂದೇ, ಆ ಗ್ಲೂಕೋಸ್. ಬ್ಯಾಕ್ಟೀರಿಯ ಸೇರಿದ ಮಿದುಳುದ್ರವದಲ್ಲಿ ಅದು ಸಾಮಾನ್ಯವಾಗಿ ಕುಸಿದಿರುತ್ತದೆ, ಇಲ್ಲಿ ಕುಸಿದಿಲ್ಲ. ಎರಡು ದಿನ ಬಿಟ್ಟು ಕಲ್ಚರ್ ವರದಿ ಬರುತ್ತದೆ: ಏನೂ ಬೆಳೆದಿಲ್ಲ. ಅಷ್ಟರಲ್ಲಿ ರೋಗಿ ಎದ್ದು ಕೂತು ಚಹಾ ಕೇಳುತ್ತಿರುತ್ತಾರೆ.

ಇಂಥ ರೋಗಿಗಳಲ್ಲಿ ಕೆಲವರಿಗೆ ಕಾಯಿಲೆ ತಂದದ್ದು ಯಾವ ಕ್ರಿಮಿಯೂ ಅಲ್ಲ. ಮೂರು ದಿನದ ಹಿಂದೆ ಇನ್ನಾವುದೋ ತೊಂದರೆಗೆ ನುಂಗಿದ ಆಂಟಿಬಯೋಟಿಕ್ ಮಾತ್ರೆ ಅದನ್ನು ತಂದಿರುತ್ತದೆ. ಇದು ಬಹಳ ಅಪರೂಪ ಎಂದು ಮೊದಲೇ ಹೇಳಿಬಿಡಬೇಕು. ಕೋಟ್ಯಂತರ ಜನ ಇದೇ ಮಾತ್ರೆಗಳನ್ನು ನುಂಗಿ ಗುಣವಾಗಿದ್ದಾರೆ. ಈ ಅಧ್ಯಾಯ ಓದಿ ಯಾರೂ ವೈದ್ಯರು ಬರೆದ ಆಂಟಿಬಯೋಟಿಕ್ಕನ್ನು ಅರ್ಧಕ್ಕೆ ಬಿಡಬಾರದು. ಆದರೆ ಈ ಕಾಯಿಲೆಯನ್ನು ಖಚಿತವಾಗಿ ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಅದು ಸಿಕ್ಕುವುದು ರೋಗಿಯ ಬಾಯಿಂದ, ಅವರು ನುಂಗಿದ ಮಾತ್ರೆಯ ಹೆಸರಿನಿಂದ. ಥಾಣೆಯಿಂದ ಕಲ್ಯಾಣದವರೆಗೆ, ಅತ್ತ ವಾಶಿಯಿಂದ ಪನ್ವೇಲ್‌ವರೆಗೆ ಹಬ್ಬಿರುವ ಮುಂಬೈಯ ನಮ್ಮ ಉಪನಗರಗಳಲ್ಲಿ ಆ ಹೆಸರೇ ಕಳೆದುಹೋಗಿರುತ್ತದೆ ಎಂಬುದು ನನ್ನ ಚಿಂತೆ.

ಮೊದಲು ಕಾಯಿಲೆ ಹುಟ್ಟುವ ಜಾಗವನ್ನು ನೋಡೋಣ. ಮಿದುಳನ್ನೂ ಬೆನ್ನುಹುರಿಯನ್ನೂ ಮೂರು ಪೊರೆಗಳು ಸುತ್ತಿಕೊಂಡಿವೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿಯಾದ ದ್ರವ ಹರಿದಾಡುತ್ತದೆ. ವಯಸ್ಕರ ದೇಹದಲ್ಲಿ ಒಮ್ಮೆಗೆ ಇರುವುದು ಸುಮಾರು 150 ಮಿಲಿಲೀಟರ್, ಡೊಂಬಿವಲಿ ಸ್ಟೇಷನ್ ಹೊರಗೆ ಸಿಗುವ ಕಟಿಂಗ್ ಚಹಾದ ಎರಡು ಗ್ಲಾಸಿನಷ್ಟು. ದಿನಕ್ಕೆ ಹೊಸದಾಗಿ ಹುಟ್ಟುವುದು ಅರ್ಧ ಲೀಟರು. ಹಳೆಯದು ರಕ್ತಕ್ಕೆ ಮರಳುತ್ತದೆ. ಈ ಪೊರೆಗಳಿಗೆ ಉರಿಯೂತ ಬಂದರೆ ಅದು ಮೆನಿಂಜೈಟಿಸ್. ಉರಿಯೂತಕ್ಕೆ ಕಾರಣ ಬ್ಯಾಕ್ಟೀರಿಯವೇ ಆಗಬೇಕೆಂದಿಲ್ಲ. ಸ್ವೀಡನ್ನಿನ ಮಕ್ಕಳ ವೈದ್ಯ ಆರ್ವಿಡ್ ವಾಲ್‌ಗ್ರೆನ್ 1925ರಲ್ಲಿಯೇ ಬ್ಯಾಕ್ಟೀರಿಯ ಬೆಳೆಯದ ಮೆನಿಂಜೈಟಿಸ್ ಒಂದನ್ನು ವಿವರಿಸಿ ಅದಕ್ಕೆ ಏಸೆಪ್ಟಿಕ್ ಎಂಬ ವಿಶೇಷಣ ಕೊಟ್ಟಿದ್ದರು. ಅಂಥವುಗಳಲ್ಲಿ ಬಹುಪಾಲು ವೈರಸ್ಸಿನಿಂದ ಬರುತ್ತವೆ ಎಂಬುದು ಆಮೇಲೆ ತಿಳಿಯಿತು. ಕರ್ನಾಟಕದವರಿಗೆ ಹತ್ತಿರದ ಉದಾಹರಣೆ ಬೇಕೆಂದರೆ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯಲ್ಲಿ ಕೆಲವರಿಗೆ ಜ್ವರ ಇಳಿದು ಮತ್ತೆ ಮರುಕಳಿಸುತ್ತದೆ, ಆಗ ಮಿದುಳುಪೊರೆಯೂ ಊದಿಕೊಳ್ಳುತ್ತದೆ.

ಔಷಧಿಯಿಂದ ಬರುವ ಮೆನಿಂಜೈಟಿಸ್ ಈ ಏಸೆಪ್ಟಿಕ್ ಗುಂಪಿನ ಒಂದು ಮೂಲೆಯಲ್ಲಿ ಕೂತಿದೆ. ಅದನ್ನು ತರುವ ಆಂಟಿಬಯೋಟಿಕ್‌ಗಳಲ್ಲಿ ಹೆಚ್ಚು ದಾಖಲಾಗಿರುವುದು ಕೋಟ್ರೈಮಾಕ್ಸಜೋಲ್. ಹೆಸರು ಬಾಯಿಗೆ ಹೊಸದೆನಿಸಿದರೆ ಸೆಪ್ಟ್ರಾನ್ ಅನ್ನಿ, ಬ್ಯಾಕ್ಟ್ರಿಮ್ ಅನ್ನಿ. ಮನೆಯ ಔಷಧದ ಡಬ್ಬಿಯಲ್ಲಿ ಒಂದು ಕಾಲಕ್ಕೆ ಇದ್ದೇ ಇರುತ್ತಿದ್ದ, ಭೇದಿಗೆ, ಕಿವಿನೋವಿಗೆ, ಉರಿಮೂತ್ರಕ್ಕೆ ಎಲ್ಲಕ್ಕೂ ಕೊಡುತ್ತಿದ್ದ ಬಿಳಿ ಮಾತ್ರೆ.

ಆ ಮಾತ್ರೆಯ ವಿಜ್ಞಾನದ ಬೇರು ಮುಂಬೈಯಲ್ಲೂ ಇದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಇಲ್ಲಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರಿಗೆ ವಿಚಿತ್ರವಾದ, ಕೆಲವೊಮ್ಮೆ ಪ್ರಾಣವನ್ನೇ ತೆಗೆಯುವ ರಕ್ತಹೀನತೆ ಕಾಡುತ್ತಿತ್ತು. ಅದರ ಕಾರಣ ಹುಡುಕುವುದು ಅವರ ಕೆಲಸ. ಪರೇಲಿನ ಹಾಫ್ಕಿನ್ ಸಂಸ್ಥೆಯಲ್ಲೂ ಕೂನೂರಿನಲ್ಲೂ ಇಲಿ, ಮಂಗಗಳ ಮೇಲೆ ಪ್ರಯೋಗ ನಡೆಸಿದರು. ಗಿರಣಿಯ ಹೆಂಗಸರು ತಿನ್ನುವುದನ್ನೇ ಅವಕ್ಕೂ ತಿನ್ನಿಸಿ ನೋಡಿದರು. ಕೊನೆಗೆ ಯೀಸ್ಟಿನಿಂದ ಮಾಡುವ, ಅಗ್ಗದ ಮಾರ್ಮೈಟ್ ಎಂಬ ಕಪ್ಪು ಅಂಟು ಪದಾರ್ಥ ಕೊಟ್ಟಾಗ ರಕ್ತ ಚೇತರಿಸಿಕೊಂಡಿತು. 1931ರಲ್ಲಿ ಅದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿದ್ದ ಆ ಪೋಷಕಾಂಶಕ್ಕೆ ಬಹಳ ದಿನ ವಿಲ್ಸ್ ಫ್ಯಾಕ್ಟರ್ ಎಂದೇ ಹೆಸರು. ಅದು ಫೋಲಿಕ್ ಆಮ್ಲ. 1941ರಲ್ಲಿ ಅದನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು. 1945ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದ ಬಳಗ ಅದನ್ನು ಕೃತಕವಾಗಿ ತಯಾರಿಸಿತು. ಇಂದು ಪ್ರತಿ ಬಸುರಿಗೂ ಸರಕಾರ ಕೊಡುವ ಮಾತ್ರೆಯಲ್ಲಿ ಅದೇ ಇದೆ. ಗಿರಣಿಗಳ ಇತಿಹಾಸ ಬರೆದವರು ಈ ಹೆಂಗಸರನ್ನು ಇನ್ನಷ್ಟು ನೆನೆಯಬೇಕಿತ್ತು ಎಂದು ನನಗೆ ಅನಿಸುತ್ತದೆ.

ಕೋಟ್ರೈಮಾಕ್ಸಜೋಲಿಗೂ ಇದಕ್ಕೂ ಏನು ಸಂಬಂಧ? ಜೀವಕೋಶ ಇಬ್ಭಾಗವಾಗಿ ಬೆಳೆಯಲು, ಡಿಎನ್‌ಎ ಕಟ್ಟಲು ಫೋಲೇಟ್ ಬೇಕು. ಮನುಷ್ಯ ಅದನ್ನು ಸೊಪ್ಪು, ಬೇಳೆಯಿಂದ ಪಡೆಯುತ್ತಾನೆ. ಅನೇಕ ಬ್ಯಾಕ್ಟೀರಿಯಗಳು ಹೊರಗಿನಿಂದ ಪಡೆಯಲಾರವು, ತಾವೇ ತಯಾರಿಸಿಕೊಳ್ಳಬೇಕು. ಆ ತಯಾರಿಕೆಯ ಒಂದು ಹಂತವನ್ನು ಸಲ್ಫಾ ಔಷಧಿ ತಡೆಯುತ್ತದೆ. ಮುಂದಿನ ಇನ್ನೊಂದು ಹಂತವನ್ನು ಟ್ರೈಮೆಥೊಪ್ರಿಮ್ ತಡೆಯುತ್ತದೆ. ಈ ಎರಡನೆಯ ಹಂತದ ಕಿಣ್ವ ನಮ್ಮಲ್ಲೂ ಇದೆ, ಆದರೆ ಟ್ರೈಮೆಥೊಪ್ರಿಮ್ ಬ್ಯಾಕ್ಟೀರಿಯದ ಕಿಣ್ವಕ್ಕೆ ಸಾವಿರಾರು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ, ನಮ್ಮದನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ಅದನ್ನು ರೂಪಿಸಿದ್ದು ಬರೋಸ್ ವೆಲ್‌ಕಮ್ ಕಂಪನಿಯ ಜಾರ್ಜ್ ಹಿಚಿಂಗ್ಸ್ ಬಳಗ. ಅವರಿಗೂ ಸಹೋದ್ಯೋಗಿ ಗರ್ಟ್ರೂಡ್ ಎಲಿಯನ್ನರಿಗೂ 1988ರಲ್ಲಿ ನೊಬೆಲ್ ಬಂತು. ಒಂದು ಪಾಲು ಟ್ರೈಮೆಥೊಪ್ರಿಮ್, ಐದು ಪಾಲು ಸಲ್ಫಾಮೆಥಾಕ್ಸಜೋಲ್ ಕೂಡಿಸಿದ ಮಾತ್ರೆ 1960ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಡಿ.ಎಸ್. ಎಂದು ಬರೆದ ಮಾತ್ರೆಯಲ್ಲಿ 160 ಮಿಲಿಗ್ರಾಂ ಮೊದಲನೆಯದು, 800 ಮಿಲಿಗ್ರಾಂ ಎರಡನೆಯದು.

ಸಲ್ಫಾ ಔಷಧಿಗಳು ಇದಕ್ಕೂ ಹಿಂದೆಯೇ ಮೆನಿಂಜೈಟಿಸ್ ರೋಗಿಗಳನ್ನು ಉಳಿಸಿದ್ದವು. ಪೆನಿಸಿಲಿನ್ ಇನ್ನೂ ಆಸ್ಪತ್ರೆಗೆ ಬಾರದ 1937ರಲ್ಲಿ ಅಮೆರಿಕದ ವೈದ್ಯರು ಸಲ್ಫಾನಿಲಮೈಡನ್ನು ಮೆನಿಂಜೊಕಾಕಸ್ ತಗಲಿದವರಿಗೆ ಕೊಟ್ಟು ಸಾವನ್ನು ತಡೆದು ತೋರಿಸಿದರು. ಇವತ್ತಿಗೂ ಪೆನಿಸಿಲಿನ್ ಒಗ್ಗದವರಿಗೆ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯದ ಮೆನಿಂಜೈಟಿಸ್ ಆದರೆ ಕೋಟ್ರೈಮಾಕ್ಸಜೋಲನ್ನೇ ಕೊಡುತ್ತಾರೆ, ಏಕೆಂದರೆ ಅದು ರಕ್ತದಿಂದ ಮಿದುಳುದ್ರವಕ್ಕೆ ಚೆನ್ನಾಗಿ ದಾಟುತ್ತದೆ.

1983ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಚಿಕ್ಕ ಪತ್ರ ಪ್ರಕಟವಾಯಿತು: ಕೋಟ್ರೈಮಾಕ್ಸಜೋಲಿನ ಅಡ್ಡಪರಿಣಾಮವಾಗಿ ಏಸೆಪ್ಟಿಕ್ ಮೆನಿಂಜೈಟಿಸ್. ಮರುವರ್ಷವೇ ಸಲ್ಫಾ ಇಲ್ಲದ, ಬರೀ ಟ್ರೈಮೆಥೊಪ್ರಿಮ್ ನುಂಗಿದವರಲ್ಲೂ ಇದು ಬಂತೆಂಬ ವರದಿ ಬಂತು. ಈ ಎರಡನೆಯ ವರದಿಗೆ ಬೆಲೆ ಹೆಚ್ಚು. ಮಾತ್ರೆ ಒಗ್ಗದಿದ್ದರೆ ನಮ್ಮಲ್ಲಿ ಎಲ್ಲರೂ ಸಲ್ಫಾ ಅಲರ್ಜಿ ಎಂದು ಬರೆದುಬಿಡುತ್ತಾರೆ. ಆದರೆ ತಪ್ಪು ಮಾಡಿದ್ದು ಜೊತೆಯಲ್ಲಿದ್ದ ಟ್ರೈಮೆಥೊಪ್ರಿಮ್ ಆಗಿದ್ದರೆ ಆ ಚೀಟಿ ರೋಗಿಯನ್ನು ಕಾಯುವುದಿಲ್ಲ. 1999ರಲ್ಲಿ ಅಮಾಕ್ಸಿಸಿಲಿನ್ ಕೂಡ ಪಟ್ಟಿಗೆ ಸೇರಿತು. ಆಂಟಿಬಯೋಟಿಕ್ ಅಲ್ಲದ ಔಷಧಿಗಳೂ ಇವೆ. ನೋವಿಗೆ ಕೊಡುವ ಐಬುಪ್ರೊಫೆನ್ 1978ರಲ್ಲಿಯೇ, ಲೂಪಸ್ ಇದ್ದ ರೋಗಿಯೊಬ್ಬರಲ್ಲಿ, ಇದೇ ಕಾರಣಕ್ಕೆ ಸುದ್ದಿಯಾಗಿತ್ತು.

ದೇಹದೊಳಗೆ ಆಗುವುದೇನು? ಒಬ್ಬೊಬ್ಬ ರೋಗಿಯ ಕಥೆಯನ್ನು ಜೋಡಿಸಿ ವೈದ್ಯರು ಊಹಿಸಿರುವ ದಾರಿ ಇದು. ಔಷಧಿಯ ಅಣು ತಾನೊಂದೇ ಇದ್ದರೆ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದಷ್ಟು ಚಿಕ್ಕದು. ಅದು, ಅಥವಾ ಅದು ಒಡೆದು ಹುಟ್ಟಿದ ತುಣುಕು, ನಮ್ಮದೇ ಯಾವುದೋ ಪ್ರೋಟೀನಿಗೆ ಅಂಟಿಕೊಂಡಾಗ ಆ ಪ್ರೋಟೀನಿನ ಚಹರೆ ಬದಲಾಗುತ್ತದೆ. ಕೆಲವರ ಟಿ ಕಣಗಳು ಅದನ್ನು ಪರಕೀಯ ಎಂದು ಗುರುತಿಸಿ ನೆನಪಿಟ್ಟುಕೊಳ್ಳುತ್ತವೆ. ಮಿದುಳುದ್ರವಕ್ಕೆ ಸಲೀಸಾಗಿ ದಾಟುವ ಔಷಧಿಯಾದರೆ ಈ ಜಗಳ ಮಿದುಳುಪೊರೆಯ ಅಂಗಳದಲ್ಲೇ ನಡೆಯುತ್ತದೆ. ಲೂಪಸ್, ಷೋಗ್ರೆನ್‌ನಂಥ ಕಾಯಿಲೆ ಇದ್ದವರಲ್ಲಿ, ಎಂದರೆ ಮೊದಲೇ ತನ್ನ ಮೇಲೆ ತಾನೇ ತಿರುಗಿಬಿದ್ದ ನಿರೋಧಕ ವ್ಯವಸ್ಥೆ ಇರುವವರಲ್ಲಿ, ಇದು ಹೆಚ್ಚಾಗಿ ಕಂಡಿದೆ. ಮೈಮೇಲೆ ದದ್ದು ಏಳಲೇಬೇಕೆಂದಿಲ್ಲ. ಅದಕ್ಕೇ ಇದನ್ನು ಅಲರ್ಜಿ ಎಂದು ಯಾರೂ ಅನುಮಾನಿಸುವುದಿಲ್ಲ.

ಈ ವಿವರಣೆಯನ್ನು ನಂಬುವಂತೆ ಮಾಡುವುದು ಎರಡನೆಯ ಸಲದ ಅನುಭವ. ಮೊದಲ ಸಲ ಮಾತ್ರೆ ಶುರುಮಾಡಿ ಕಾಯಿಲೆ ಬರಲು ಕೆಲವು ದಿನ, ಒಮ್ಮೊಮ್ಮೆ ವಾರಗಳೇ ಹಿಡಿದಿರುತ್ತವೆ. ಅದೇ ಮಾತ್ರೆಯನ್ನು ತಿಂಗಳುಗಳ ಬಳಿಕ ಮತ್ತೆ ನುಂಗಿದರೆ ಕೆಲವೇ ಗಂಟೆಗಳಲ್ಲಿ ಜ್ವರ, ತಲೆನೋವು, ಕತ್ತುಬಿಗಿತ. ನೆನಪಿಟ್ಟುಕೊಂಡ ಕಣಗಳು ಮಾತ್ರ ಹೀಗೆ ಅವಸರಿಸಬಲ್ಲವು. ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ಲಾಮೋಟ್ರಿಜಿನ್ ಬಗ್ಗೆ ಅಮೆರಿಕದ ಎಫ್‌ಡಿಎ 2010ರಲ್ಲಿ ಎಚ್ಚರಿಕೆ ಹೊರಡಿಸಿದಾಗ ಅದರ ಮುಂದೆ 40 ಪ್ರಕರಣಗಳಿದ್ದವು. ಅವರಲ್ಲಿ 15 ಮಂದಿಗೆ ಮಾತ್ರೆ ಮತ್ತೆ ಶುರುಮಾಡಿದ ಕೂಡಲೇ ಲಕ್ಷಣಗಳು ಮರಳಿದ್ದವು. ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಕೋಟ್ರೈಮಾಕ್ಸಜೋಲಿನ ಪ್ರಕರಣಗಳಲ್ಲೂ ಎರಡು ಮೂರು ಸಲ ಆಸ್ಪತ್ರೆ ಸೇರಿ, ಎರಡು ಮೂರು ಸಲ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ ಮೇಲೆ ಯಾರೋ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದೇ ಹೆಚ್ಚು.

ಆ ಪ್ರಶ್ನೆ ಬಹಳ ಸರಳ. ಇದಕ್ಕೆ ಮುಂಚೆ ಏನು ಮಾತ್ರೆ ತಗೊಂಡಿದ್ರಿ?

ಈಗ ನಮ್ಮ ಊರಿಗೆ ಬರೋಣ. ಕಲ್ಯಾಣದಿಂದ ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ 54 ಕಿಲೋಮೀಟರ್. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಬೆಳಿಗ್ಗೆ ಮನೆ ಬಿಟ್ಟ ಹೆಂಗಸರು ದಾರಿಯಲ್ಲಿ ತೊಂದರೆಯಾದೀತೆಂದು ನೀರು ಕುಡಿಯುವುದನ್ನೇ ಬಿಡುತ್ತಾರೆ, ಕುಡಿದದ್ದನ್ನು ಗಂಟೆಗಟ್ಟಲೆ ತಡೆದುಕೊಳ್ಳುತ್ತಾರೆ. ಮುಂಬೈಯ ಮಹಿಳಾ ಸಂಘಟನೆಗಳು 2011ರಲ್ಲಿ ಹೆಂಗಸರಿಗೆ ಶುಚಿಯಾದ, ಪುಕ್ಕಟೆ ಮೂತ್ರಾಲಯ ಬೇಕೆಂದು ಚಳವಳಿಯನ್ನೇ ಹೂಡಿದ್ದವು. ಹೀಗೆ ನೀರು ಬಿಟ್ಟು ತಡೆದುಕೊಂಡದ್ದಕ್ಕೆ ದೇಹ ತೆರುವ ದಂಡಗಳಲ್ಲಿ ಉರಿಮೂತ್ರದ ಸೋಂಕು ಒಂದು. ಅದಕ್ಕೆ ಈಗ ಮೊದಲ ಆಯ್ಕೆ ನೈಟ್ರೋಫ್ಯುರಾಂಟೊಯಿನ್, ಇ. ಕೋಲೈ ಬ್ಯಾಕ್ಟೀರಿಯ ಕೋಟ್ರೈಮಾಕ್ಸಜೋಲಿಗೆ ಬಗ್ಗದಂತಾಗಿದೆ ಎಂಬುದೇ ಕಾರಣ. ಆದರೂ ಅಗ್ಗ, ಹಳೆಯದು, ಎಲ್ಲೆಡೆ ಸಿಗುವಂಥದ್ದು ಎಂಬ ಕಾರಣಕ್ಕೆ ಬಿಳಿ ಮಾತ್ರೆ ಇನ್ನೂ ಚಲಾವಣೆಯಲ್ಲಿದೆ. ಎಚ್‌ಐವಿ ಇದ್ದು ನಿರೋಧಕ ಶಕ್ತಿ ತೀರ ಕುಗ್ಗಿದವರಿಗಂತೂ ನ್ಯುಮೋನಿಯ ತಡೆಯಲು ದಿನವೂ ಅದು ಬೇಕೇ ಬೇಕು.

ರಾತ್ರಿ ಎಂಟೂವರೆಗೆ ರೈಲಿನಿಂದ ಇಳಿದವರು ಡಾಕ್ಟರ ಸಾಲಿನಲ್ಲಿ ಕೂರುವಷ್ಟು ತ್ರಾಣ ಉಳಿಸಿಕೊಂಡಿರುವುದಿಲ್ಲ. ಸ್ಟೇಷನ್ ಪಕ್ಕದ ಮೆಡಿಕಲ್‌ಗೆ ಹೋಗಿ ತೊಂದರೆ ಹೇಳುತ್ತಾರೆ. ಅಂಗಡಿಯವನ ಕೈ ಕತ್ತರಿಯ ಮೇಲೇ ಇರುತ್ತದೆ. ಹತ್ತರ ಸ್ಟ್ರಿಪ್ಪಿನಿಂದ ಆರು ಮಾತ್ರೆ ಕತ್ತರಿಸಿ ಕೊಡುತ್ತಾನೆ. ಬ್ಯಾಚ್ ನಂಬರು, ಅವಧಿ ಮುಗಿಯುವ ತಾರೀಕು ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಮಾತ್ರ ಇರುತ್ತವೆ. ಆ ತುದಿ ಅಂಗಡಿಯಲ್ಲೇ ಉಳಿಯಿತು. ಉಳಿದ ಹಾಳೆಯ ಮೇಲೆ ಹೆಸರು ಅಡ್ಡಡ್ಡ ಮುದ್ರಣವಾಗಿದ್ದರೆ ರೋಗಿಯ ಪಾಲಿಗೆ ಬರುವುದು ಅದರ ಅರ್ಧ. ಮಾತ್ರೆ ಒತ್ತಿ ತೆಗೆದಂತೆ ಹಾಳೆ ಹರಿದು ಆ ಅರ್ಧವೂ ಹೋಗುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದು ಜನರಿಗೆ ತಿಳಿಸಲು ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇದೆ; 2016ರಲ್ಲಿ ಸರಕಾರ ಅದರ ಬಗ್ಗೆ ಪ್ರಚಾರವನ್ನೂ ಮಾಡಿತು. ಹೆಚ್ಚು ಮಾರಾಟವಾಗುವ 300 ಬ್ರಾಂಡುಗಳ ಪ್ಯಾಕಿನ ಮೇಲೆ 2023ರ ಆಗಸ್ಟ್ 1ರಿಂದ ಕ್ಯುಆರ್ ಕೋಡ್ ಕಡ್ಡಾಯವಾಗಿದೆ. ಕತ್ತರಿಯ ಮುಂದೆ ಇವೆರಡೂ ಸೋಲುತ್ತವೆ.

ಡಾಕ್ಟರ ಹತ್ತಿರ ಹೋದರೂ ಹೆಸರು ಸಿಗುತ್ತದೆಂಬ ಭರವಸೆ ಇಲ್ಲ. ಉಪನಗರದ ಹಳೆಯ ಫ್ಯಾಮಿಲಿ ಡಾಕ್ಟರುಗಳಲ್ಲಿ ಅನೇಕರು ಮಾತ್ರೆಯನ್ನು ತಾವೇ ಪೊಟ್ಟಣ ಕಟ್ಟಿ ಕೊಡುತ್ತಾರೆ. ಬೆಳಿಗ್ಗೆ ಒಂದು ಬಿಳಿ, ಅರ್ಧ ಹಳದಿ, ರಾತ್ರಿಯೂ ಅಷ್ಟೇ. ಬಡವರಿಗೆ ಇದರಿಂದ ಉಪಕಾರವಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಪ್ಪತ್ತು ವರ್ಷ ಒಂದೇ ಕುಟುಂಬವನ್ನು ನೋಡಿಕೊಂಡ ಆ ಡಾಕ್ಟರಿಗೆ ರೋಗಿಯ ಮೈ ಒಳಗೂ ಹೊರಗೂ ಗೊತ್ತು. ಆದರೆ ನಡುರಾತ್ರಿ ರೋಗಿಯನ್ನು ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆಗೋ ಥಾಣೆಯ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೋ ಹೊತ್ತೊಯ್ದಾಗ ಅಲ್ಲಿನ ಕಿರಿಯ ವೈದ್ಯರ ಕೈಗೆ ಸಿಗುವುದು ಖಾಲಿ ಪೊಟ್ಟಣ.

ಇನ್ನೊಂದು ತೊಡಕೂ ಇದೆ. ತಲೆನೋವು ಶುರುವಾದಾಗ ಮನೆಯವರು ಮೊದಲು ಕೊಡುವುದು ಕಾಂಬಿಫ್ಲಾಮ್. ಅದರಲ್ಲಿ ಪ್ಯಾರಾಸಿಟಮಾಲಿನ ಜೊತೆ ಐಬುಪ್ರೊಫೆನ್ ಇದೆ. ಆಗಲೇ ಹೇಳಿದಂತೆ ಅದೂ ಶಂಕಿತರ ಪಟ್ಟಿಯಲ್ಲಿದೆ. ಎರಡೂ ಹೊಟ್ಟೆಗೆ ಹೋದ ಮೇಲೆ ಯಾವುದು ಮೊದಲು, ಯಾವುದು ಆಮೇಲೆ, ತಲೆನೋವಿಗೆ ಮುಂಚೆಯೋ ನಂತರವೋ ಎಂಬ ಹೊತ್ತಿನ ಲೆಕ್ಕವೊಂದೇ ದಾರಿ ತೋರಿಸಬಲ್ಲದು.

ಮುಂಬೈ ಕನ್ನಡಿಗರ ಬದುಕಿನ ರೀತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ಡೊಂಬಿವಲಿ, ಐರೋಲಿ, ನೆರೂಳಿನಲ್ಲಿ ಮನೆ ಮಾಡಿದ ಕರಾವಳಿಯವರು ವರ್ಷಕ್ಕೊಮ್ಮೆಯಾದರೂ ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುತ್ತಾರೆ, ಕೋಲಕ್ಕೆ, ಮದುವೆಗೆ, ಬೇಸಗೆ ರಜೆಗೆ. ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬಿತ್ತನೆಗೆ, ಜಾತ್ರೆಗೆ ಹಿಂತಿರುಗುತ್ತಾರೆ. ಮೊದಲ ಸಲದ ಮೆನಿಂಜೈಟಿಸ್ ಇಲ್ಲಿ ಬಂದು, ಎರಡನೆಯದು ಊರಿನಲ್ಲಿ ಬಂದರೆ ಎರಡು ಫೈಲುಗಳು ಒಂದನ್ನೊಂದು ನೋಡುವುದೇ ಇಲ್ಲ. ಎರಡೂ ಕಡೆ ವೈರಸ್ ಇರಬಹುದು ಎಂದು ಬರೆದು ಕಳಿಸಿರುತ್ತಾರೆ. ಮರುಕಳಿಸುವ ಏಸೆಪ್ಟಿಕ್ ಮೆನಿಂಜೈಟಿಸ್‌ಗಳಲ್ಲಿ ಪಿಯರ್ ಮೊಲ್ಲಾರೆ ಎಂಬ ಫ್ರೆಂಚ್ ವೈದ್ಯರು 1944ರಲ್ಲಿ ವಿವರಿಸಿದ ಕಾಯಿಲೆ ಒಂದಿದೆ, ಅದಕ್ಕೆ ಹೆಚ್ಚಾಗಿ ಹರ್ಪಿಸ್ ವೈರಸ್ಸೇ ಕಾರಣ. ಪಿಸಿಆರ್ ಪರೀಕ್ಷೆಯಲ್ಲಿ ಆ ವೈರಸ್ ಸಿಗದಿದ್ದಾಗಲಾದರೂ ಮಾತ್ರೆಯ ಕಡೆ ಕಣ್ಣು ಹಾಯಿಸಬೇಕು.

ವೈದ್ಯರ ಕಷ್ಟವೂ ಸಣ್ಣದಲ್ಲ. ಬ್ಯಾಕ್ಟೀರಿಯದ ಮೆನಿಂಜೈಟಿಸ್ ಗಂಟೆಗಳ ಲೆಕ್ಕದಲ್ಲಿ ಕೊಲ್ಲುತ್ತದೆ. ಅನುಮಾನ ಬಂದ ಕೂಡಲೇ ಸೆಫ್ಟ್ರಿಯಾಕ್ಸೋನ್‌ನಂಥ ಆಂಟಿಬಯೋಟಿಕ್ಕನ್ನು ನರದ ಮೂಲಕ ಕೊಡಲೇಬೇಕು. ಮಾತ್ರೆಯ ಕಾರಣ ಇರಬಹುದೆಂದು ಕಾಯುತ್ತ ಕೂರುವ ವೈದ್ಯರು ತಪ್ಪು ಮಾಡಿದಂತೆ. ಅದರ ಮೇಲೆ, ಆಸ್ಪತ್ರೆಗೆ ಬರುವ ಮುಂಚೆ ಹೊರಗಡೆ ಎರಡು ದಿನ ಆಂಟಿಬಯೋಟಿಕ್ ನುಂಗಿದವರ ಮಿದುಳುದ್ರವದಲ್ಲಿ ನಿಜವಾದ ಬ್ಯಾಕ್ಟೀರಿಯವೂ ಕಲ್ಚರಿನಲ್ಲಿ ಬೆಳೆಯದೆ ಹೋಗಬಹುದು. ಎಂದರೆ ಅದೇ ಮಾತ್ರೆ ಒಬ್ಬರಲ್ಲಿ ಕಾಯಿಲೆಯನ್ನು ಮುಚ್ಚಿಟ್ಟಿರಬಹುದು, ಇನ್ನೊಬ್ಬರಲ್ಲಿ ಕಾಯಿಲೆಯನ್ನೇ ತಂದಿರಬಹುದು, ವರದಿ ಎರಡರಲ್ಲೂ ಒಂದೇ ತರಹ. ಇದರ ಮಗ್ಗುಲಲ್ಲೇ ಕ್ಷಯದ ಮೆನಿಂಜೈಟಿಸ್ ನಿಂತಿದೆ. ಅದರ ಕಲ್ಚರಿಗೆ ವಾರಗಳು ಬೇಕು, ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಇಲ್ಲ ಎಂದರೂ ಪೂರ್ತಿ ನಂಬುವಂತಿಲ್ಲ. ಮುಂಬೈ ಸುತ್ತಮುತ್ತ ಕ್ಷಯದ ಹೊರೆ ತಿಳಿದ ವೈದ್ಯರು ಅನುಮಾನಕ್ಕೆ ಕ್ಷಯದ ಮಾತ್ರೆ ಶುರುಮಾಡಿದರೆ ಅವರನ್ನು ದೂರಲು ಬರುವುದಿಲ್ಲ. ಔಷಧಿಯ ಮೆನಿಂಜೈಟಿಸ್ ಎಂಬ ತೀರ್ಮಾನ ಉಳಿದೆಲ್ಲವನ್ನೂ ತಳ್ಳಿಹಾಕಿದ ಮೇಲೆ ಮಾತ್ರ ಬರಬೇಕು.

ಆದರೂ ಅದರ ಸುಳಿವು ಒಂದಿದೆ, ಮಾತ್ರೆ ನಿಲ್ಲಿಸಿದಾಗ ಆಗುವ ಬದಲಾವಣೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಜ್ವರ ಇಳಿಯುತ್ತದೆ, ಕತ್ತು ಸಡಿಲವಾಗುತ್ತದೆ, ರೋಗಿ ಶಾಶ್ವತ ಹಾನಿಯಿಲ್ಲದೆ ಮನೆಗೆ ಹೋಗುತ್ತಾರೆ. ಬೇಸರದ ಸಂಗತಿಯೆಂದರೆ ಅದೇ ಎರಡು ದಿನ ಆಸ್ಪತ್ರೆಯ ಇಂಜೆಕ್ಷನ್ನೂ ನಡೆದಿರುತ್ತದೆ. ಇಂಜೆಕ್ಷನ್ನಿನಿಂದ ಗುಣವಾಯಿತು ಎಂದು ಎಲ್ಲರೂ ನಂಬುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ಮೊದಲಿನ ಬಿಳಿ ಮಾತ್ರೆಯ ಪ್ರಸ್ತಾಪವೇ ಇರುವುದಿಲ್ಲ. ಅದು ಮನೆಯ ಡಬ್ಬಿಯಲ್ಲಿ, ಮುಂದಿನ ಉರಿಮೂತ್ರಕ್ಕೆಂದು, ಹಾಗೇ ಉಳಿದಿರುತ್ತದೆ.

ಅನುಮಾನವನ್ನು ತೂಗಿ ನೋಡಲು ಒಂದು ಪದ್ಧತಿ ಇದೆ. ಕೆನಡಾದ ಟೊರಾಂಟೊದಲ್ಲಿ ನರಾಂಹೊ ಮತ್ತು ಸಂಗಡಿಗರು 1981ರಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳು ಅವು. ಮಾತ್ರೆ ನುಂಗಿದ ಮೇಲೆ ತೊಂದರೆ ಬಂತೇ? ನಿಲ್ಲಿಸಿದಾಗ ಇಳಿಯಿತೇ? ಮತ್ತೆ ನುಂಗಿದಾಗ ಮರಳಿತೇ? ಬೇರೆ ಕಾರಣ ಇರಬಹುದೇ? ಪ್ರತಿಯೊಂದಕ್ಕೂ ಅಂಕ. ಮತ್ತೆ ನುಂಗಿಸಿ ನೋಡುವ ಪರೀಕ್ಷೆಯನ್ನು ಮೆನಿಂಜೈಟಿಸ್ಸಿನ ವಿಷಯದಲ್ಲಿ ಬೇಕೆಂದೇ ಮಾಡುವುದು ನನ್ನ ದೃಷ್ಟಿಯಲ್ಲಿ ಸಲ್ಲದು. ಅರಿಯದೆ ನುಂಗಿದವರ ಅನುಭವವೇ ಸಾಕಷ್ಟು ಹೇಳುತ್ತದೆ, ಬರೆದಿಟ್ಟುಕೊಂಡಿದ್ದರೆ.

ಬರೆದಿಡುವ ವ್ಯವಸ್ಥೆ ಥಾಲಿಡೊಮೈಡ್ ಎಂಬ ಔಷಧಿ ತಂದ ದುರಂತದ ಬಳಿಕ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಔಷಧಿಗಳ ಅಡ್ಡಪರಿಣಾಮಗಳನ್ನು ದೇಶದೇಶಗಳಿಂದ ಕಲೆಹಾಕಲು ಶುರುಮಾಡಿತು. ಆ ಮಾಹಿತಿ ಈಗ ಸ್ವೀಡನ್ನಿನ ಉಪ್ಸಲಾದಲ್ಲಿ ಸಂಗ್ರಹವಾಗುತ್ತದೆ. ಭಾರತ ಈ ಕೂಟ ಸೇರಿದ ಮೊದಲ ದಿನಗಳಲ್ಲಿ ಇಲ್ಲಿನ ಕೇಂದ್ರಗಳಲ್ಲಿ ಒಂದು ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿತ್ತು. 2010ರಲ್ಲಿ ಭಾರತೀಯ ಫಾರ್ಮಕೋವಿಜಿಲೆನ್ಸ್ (ಔಷಧಿ ನಿಗಾ) ಕಾರ್ಯಕ್ರಮ ಆರಂಭವಾಗಿ, ಮರುವರ್ಷ ಅದರ ಕೇಂದ್ರ ಗಾಜಿಯಾಬಾದಿಗೆ ಹೋಯಿತು. ದೇಶದ ನೂರಾರು ವೈದ್ಯಕೀಯ ಕಾಲೇಜುಗಳಲ್ಲಿ ಅದರ ನಿಗಾ ಕೇಂದ್ರಗಳಿವೆ. ಕರ್ನಾಟಕದಲ್ಲಿ ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆ ಈ ಕೆಲಸದಲ್ಲಿ ಮೊದಲಿಂದಲೂ ಮುಂದೆ. ಒಬ್ಬ ವೈದ್ಯರಿಗೆ ವೃತ್ತಿಯುದ್ದಕ್ಕೂ ಇಂಥ ರೋಗಿ ಒಬ್ಬರು ಸಿಕ್ಕಾರು, ಇಲ್ಲವೇ ಸಿಗಲಿಕ್ಕಿಲ್ಲ. ಕಳ್ವಾದ ಒಬ್ಬರು, ಮಣಿಪಾಲದ ಒಬ್ಬರು, ಉಪ್ಸಲಾದಾಚೆಯ ಒಬ್ಬರು ಒಂದೇ ಪಟ್ಟಿಯಲ್ಲಿ ಸೇರಿದಾಗಲೇ ಔಷಧಿಯ ಚಹರೆ ಕಾಣಿಸುತ್ತದೆ. 1983ರ ಆ ಪತ್ರವೂ ಹೀಗೆ ಯಾರೋ ಕೂತು ಬರೆದದ್ದೇ.

ಔಷಧಿ ತಯಾರಿಕೆ ನಮ್ಮ ಈ ಉಪನಗರಗಳಿಗೆ ಹೊಸದಲ್ಲ. ತುರ್ಭೆಯಲ್ಲಿ ಫೈಜರ್, ಥಾಣೆಯ ಪೋಖ್ರಣ್ ರಸ್ತೆಯಲ್ಲಿ ಗ್ಲಾಕ್ಸೊ, ಥಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಇನ್ನೆಷ್ಟೋ ಕಂಪನಿಗಳು ದಶಕಗಳ ಕಾಲ ಮಾತ್ರೆ ಒತ್ತಿವೆ. ಅಲ್ಲಿ ದುಡಿದ ಕನ್ನಡಿಗರೂ ಇದ್ದಾರೆ. ಒಂದು ಬ್ಯಾಚಿನ ಪ್ರತಿ ಹಂತಕ್ಕೂ ಸಹಿ ಹಾಕಿ ದಾಖಲೆ ಇಡುವ ಶಿಸ್ತು ಅವರಿಗೆ ಗೊತ್ತು. ಕಾರ್ಖಾನೆಯ ಬಾಗಿಲ ತನಕ ಅಷ್ಟು ಜೋಪಾನವಾಗಿ ಬಂದ ಹೆಸರು ಮೆಡಿಕಲ್ ಅಂಗಡಿಯ ಕಟ್ಟೆಯ ಮೇಲೆ ಕತ್ತರಿಗೆ ಸಿಗುತ್ತದೆ.

ಮಾತ್ರೆಯಿಂದ ಮೆನಿಂಜೈಟಿಸ್ ಬಂತೆಂದು ಒಮ್ಮೆ ತೀರ್ಮಾನವಾದವರು ಇಟ್ಟುಕೊಳ್ಳಬೇಕಾದ ಚೀಟಿಯಲ್ಲಿ ಬ್ರಾಂಡಿನ ಹೆಸರು ಸಾಲದು. ಸೆಪ್ಟ್ರಾನ್ ಬೇಡ ಎಂದರೆ ಮತ್ತೊಂದು ಕಂಪನಿಯದು ಬರುತ್ತದೆ. ಟ್ರೈಮೆಥೊಪ್ರಿಮ್, ಸಲ್ಫಾಮೆಥಾಕ್ಸಜೋಲ್ ಎಂದು ಎರಡೂ ಮೂಲ ಹೆಸರು, ಎಷ್ಟನೇ ದಿನ ಲಕ್ಷಣ ಬಂತು, ನಿಲ್ಲಿಸಿದ ಮೇಲೆ ಎಷ್ಟು ದಿನಕ್ಕೆ ಇಳಿಯಿತು, ಇವಿಷ್ಟು ಬೇಕು. ಮೊಬೈಲಿನಲ್ಲಿ ಸ್ಟ್ರಿಪ್ಪಿನ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ಹೆಸರಿರುವ ತುದಿಯನ್ನೇ ಕೇಳಿ ಪಡೆಯುವುದಕ್ಕೆ, ಪೊಟ್ಟಣದ ಮೇಲೆ ಹೆಸರು ಬರೆದುಕೊಡಿ ಎಂದು ಡಾಕ್ಟರನ್ನು ವಿನಂತಿಸುವುದಕ್ಕೆ ಖರ್ಚೇನೂ ಇಲ್ಲ.

ಅಡ್ಡಪರಿಣಾಮವನ್ನು ವೈದ್ಯರೇ ವರದಿ ಮಾಡಬೇಕೆಂದೂ ಇಲ್ಲ. ಔಷಧಿ ನುಂಗಿದವರು, ಅವರ ಮನೆಯವರು ತುಂಬಬಹುದಾದ ಪ್ರತ್ಯೇಕ ಫಾರಂ ಆ ಔಷಧಿ ನಿಗಾ ಕಾರ್ಯಕ್ರಮದಲ್ಲಿದೆ. 1800-180-3024 ಎಂಬ ಪುಕ್ಕಟೆ ಸಂಖ್ಯೆಗೆ ಕರೆ ಮಾಡಿಯೂ ಹೇಳಬಹುದು. ಫಾರಂ ಕೇಳುವುದು ಮಾತ್ರೆಯ ಹೆಸರು, ಶುರುಮಾಡಿದ ದಿನ, ನಿಲ್ಲಿಸಿದ ದಿನ, ಆದ ತೊಂದರೆ. ಅದನ್ನು ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿದ್ದಾರೆ.